ಏನೂ ಮಾಡದ ಪೆಟ್ಟಿಗೆ

ನನ್ನ ಮಗಳು ನೀಲಿ ಮಲಗಿ ಇವತ್ತಿಗೆ ನಲವತ್ತೊಂದು ದಿನ. ರೋಗವಲ್ಲ, ಮಾಟವಲ್ಲ, ದೇವರ ಮುನಿಸೂ ಅಲ್ಲ. ನಾನು ಬರೆದ ಎರಡು ಶಬ್ದದ ಒಂದು ಚೀಟಿ ಅವಳನ್ನು ಮಲಗಿಸಿದೆ. ಓಣಿಯವರು ನನ್ನ ಎದುರಿಗೆ ಹಾಗೆ ಅನ್ನುವುದಿಲ್ಲ, ಬಾಗಿಲಲ್ಲಿ ನಿಂತು ಲೊಚಗುಟ್ಟಿ ಹೋಗುತ್ತಾರೆ. ತಪ್ಪು ಯಾರದು ಎಂದು ನಾನೇ ಹೇಳಿಬಿಡುತ್ತೇನೆ. ಬೇರೆಯವರ ಬಾಯಿಗೆ ಯಾಕೆ ತೊಂದರೆ?

ನಮ್ಮ ಊರಿನ ಸಂಸಾರವೆಲ್ಲ ನಡೆಯುವುದು ಹಲಗೆಯಿಂದ. ಹಲಗೆಮನೆಯ ಒಂದು ಇಡೀ ಗೋಡೆಗೆ, ನೆಲದಿಂದ ಮಾಳಿಗೆಯವರೆಗೆ ಸಾಗುವಾನಿ ಹೊದಿಸಿದ್ದಾರೆ. ಅದರ ತುಂಬ ಮೊಳೆ, ಮೊಳೆಗೊಂದು ಅಂಗೈಯಗಲದ ಪೆಟ್ಟಿಗೆ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬಣ್ಣದ ದಾರ. ದಾರ ಕಟ್ಟಿದರೆ ಆಗುತ್ತದೆ, ಬಿಚ್ಚಿದರೆ ನಿಲ್ಲುತ್ತದೆ. ಮುಂಜಾನೆ ಏಳಕ್ಕೆ ನಳಕ್ಕೆ ನೀರು ಬರುವುದು, ಏಳೂವರೆಗೆ ನಿಲ್ಲುವುದು, ಬೀದಿಯ ದೀಪ, ಗಿರಣಿಯ ಕಲ್ಲು, ಪರೀಕ್ಷೆಯ ದಿನಗಳಲ್ಲಿ ಶಾಲೆಯ ಓಣಿಯ ನಾಯಿಗಳು ಬೊಗಳದೆ ಇರುವುದು, ಎಲ್ಲ ಅಲ್ಲಿಂದಲೇ. ಹೊರಗಿನಿಂದ ಬಂದ ಬೀಗರು ಬಾಯಿ ತೆರೆದು ನೋಡುತ್ತಾರೆ. ನಮಗೇನು, ನೀರು ತಡವಾದರೆ ಹಲಗೆಮನೆಯ ಮುಂದೆ ಹೋಗಿ ಖಾಲಿ ಕೊಡ ಬಡಿಯುತ್ತೇವೆ, ಅಷ್ಟೆ. ಹಿಂದೊಂದು ಕಾಲಕ್ಕೆ ಅವರವರ ಮನೆಯ ಕೆಲಸಕ್ಕೂ ಪೆಟ್ಟಿಗೆ ಏರಿಸುತ್ತಿದ್ದರಂತೆ. ಬಟ್ಟೆ ಅಂಗಡಿಯವನೊಬ್ಬ ತನ್ನ ಅತ್ತೆಯ ಕೆಮ್ಮು ನಿಲ್ಲಲಿ ಎಂದು ಒಂದು ಪೆಟ್ಟಿಗೆ ಏರಿಸಿದ. ಕೆಮ್ಮು ನಿಂತಿತು. ಅದರ ಜೊತೆಗೆ ಊರಿನ ಗಿರಣಿ ಆರು ದಿನ ಹಿಂದುಮುಂದಾಗಿ ತಿರುಗಿತು. ಅಂದಿನಿಂದ ಕಾನೂನಾಯಿತು: ಹಲಗೆಯ ಮೇಲೆ ಊರಿನದು ಮಾತ್ರ, ಮನೆಯದು ಯಾವುದೂ ಇರಕೂಡದು. ಇದ್ದರೆ ಪೆಟ್ಟಿಗೆ ಕೀಳುತ್ತಾರೆ, ಏರಿಸಿದವನ ಕೆಲಸವೂ ಹೋಗುತ್ತದೆ.

ಪೆಟ್ಟಿಗೆ ಏರಿಸುತ್ತಿದ್ದವರು ನನ್ನ ಗಂಡ ಗದಿಗೆಪ್ಪ. ಅವುಗಳ ಚೀಟಿ ಬರೆಯುವವಳು ನಾನು, ಕಾಶವ್ವ. ಒಂದೊಂದು ಪೆಟ್ಟಿಗೆಯ ಕೆಳಗೂ ಒಂದು ಚೀಟಿ ಅಂಟಿಸಬೇಕು. ಇದು ಏನು ಮಾಡುತ್ತದೆ, ಯಾಕೆ ಇದೆ, ಎರಡೇ ಸಾಲು. ಮೊದಲನೆಯ ಸಾಲು ಸುಲಭ, ದಾರ ಹಿಡಿದುಕೊಂಡು ಹೋದರೆ ಕಣ್ಣಿಗೇ ಕಾಣುತ್ತದೆ. ಎರಡನೆಯದು ಏರಿಸಿದವನ ತಲೆಯಲ್ಲಿ ಇರುತ್ತದೆ. ಆ ತಲೆಯ ಬಾಗಿಲು ತೆರೆಸಬೇಕಾದರೆ ನನಗೆ ಹಾರೆ ಬೇಕಾಗುತ್ತಿತ್ತು. "ಈ ಹಸರ ದಾರ ಯಾಕ ಕಟ್ಟೀರಿ?" ಎಂದು ಏಣಿಯ ಬುಡದಲ್ಲಿ ನಿಂತು ಕೇಳುತ್ತಿದ್ದೆ. ಅವರು ಮೇಲಿನಿಂದಲೇ, "ಕಾಣ್ತೈತಲ್ಲ, ಕಣ್ಣಿಲ್ಲೇನ ನಿನಗ? ದಾರಾನ ಎಲ್ಲಾ ಹೇಳತೈತಿ. ಇದಕ್ಕ ಚೀಟಿ ಹಚ್ಚೂದಂದ್ರ ಮುಖದ ಮ್ಯಾಲ ಮುಖ ಅಂತ ಬರದಂಗ" ಅನ್ನುವರು. "ಎಲ್ಲಿಂದ ಎಲ್ಲಿಗೆ ಹೋಗೇತಿ ಅಂತ ದಾರ ಹೇಳತೈತಿ. ಯಾಕ ಹೋಗೇತಿ ಅಂತ ಯಾರ ಹೇಳಬೇಕು, ನಿಮ್ಮ ಮುತ್ಯಾ?" ಎಂದು ನಾನು. ಹಲಗೆಮನೆಯ ಜವಾನ ನಗು ತಡೆಯಲಾರದೆ ಹೊರಗೆ ಹೋಗಿ ನಿಲ್ಲುತ್ತಿದ್ದ.

ಶಾಲೆಯ ಗಂಟೆಗೂ ಶಾಲೆಯ ಬಾಗಿಲಿಗೂ ನಡುವೆ ಒಂದು ಪೆಟ್ಟಿಗೆ ಇದೆ. ಗಂಟೆ ಬಾರಿಸಿದ ಮೇಲೆ ನಲವತ್ತು ಎಣಿಸುವಷ್ಟು ಹೊತ್ತು ಬಾಗಿಲನ್ನು ತಡೆಯುತ್ತದೆ. ಯಾಕೆ ಎಂದು ಮೂರು ದಿನ ಜಗಳವಾಡಿದೆ. ನಾಲ್ಕನೆಯ ದಿನ, ರೊಟ್ಟಿ ಮುರಿಯುತ್ತ ಬಾಯಿ ಬಿಟ್ಟರು: ಮೂರನೆಯ ತರಗತಿಯಲ್ಲಿ ಒಂದು ಕುಂಟು ಹುಡುಗಿ ಇದ್ದಾಳೆ, ಬಾಗಿಲು ಮುಚ್ಚುವುದರೊಳಗೆ ಅವಳು ಬಂದು ಮುಟ್ಟಬೇಕು. ಎಂಜಲು ಕೈಯಲ್ಲೇ ಎದ್ದು ಬರೆದುಕೊಂಡೆ. ಆ ಹುಡುಗಿಗೆ ಈಗ ಎರಡು ಮಕ್ಕಳು. ಪೆಟ್ಟಿಗೆ ಇನ್ನೂ ಅಲ್ಲೇ ಇದೆ, ನನ್ನ ಚೀಟಿ ಓದಿದವರಿಗೆ ಅದನ್ನು ಕೀಳಲು ಕೈ ಬರುವುದಿಲ್ಲ. ಇಪ್ಪತ್ತಾರು ವರ್ಷ ನಾನು ಹೀಗೆ ಬರೆದೆ. ಒಂದು ಸುಳ್ಳು ಬರೆಯಲಿಲ್ಲ. ಗೊತ್ತಿಲ್ಲ ಎಂದೂ ಬರೆಯಲಿಲ್ಲ, ಅದು ನನ್ನ ಸೊಕ್ಕು. ಕಾಶವ್ವನಿಗೆ ಗೊತ್ತಿಲ್ಲದ್ದು ಹಲಗೆಯ ಮೇಲೆ ಇಲ್ಲ ಅಂತ ಊರು ಅನ್ನುತ್ತಿತ್ತು, ನಾನು ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ನೀಲಿಗೆ ಆರು ವರ್ಷವಿದ್ದಾಗ ಜ್ವರ ಬಂತು. ಜ್ವರ ಬಿಟ್ಟಿತು, ನಿದ್ದೆ ಬಿಡಲಿಲ್ಲ. ಕೂಗಿದರೂ ಇಲ್ಲ, ಚಿವುಟಿದರೂ ಇಲ್ಲ, ಗಂಜಿ ಬಾಯಿಗೆ ಬಿಟ್ಟರೆ ನುಂಗುತ್ತಿದ್ದಳು ಅಷ್ಟೆ. ಹತ್ತು ದಿನ ಹಾಗೆ ಹೋಯಿತು. ಹನ್ನೊಂದನೆಯ ದಿನ ಮುಂಜಾನೆ ನಳಕ್ಕೆ ನೀರು ಬರುವ ಹೊತ್ತಿಗೆ ಎದ್ದು ಕೂತು, "ಅವ್ವಾ, ಹಸಿವು" ಅಂದಳು. ನಾನು ಊರ ದೇವಿಗೆ ಉಡಿ ತುಂಬಿದೆ, ಓಣಿಗೆಲ್ಲ ಸಕ್ಕರೆ ಹಂಚಿದೆ. ಗಂಡ ಮೂಲೆಯಲ್ಲಿ ಕೂತು ಸುಮ್ಮನೆ ಚಹಾ ಕುಡಿದರು. ಅವತ್ತಿನಿಂದ ಹದಿಮೂರು ವರ್ಷ, ನಳಕ್ಕೆ ನೀರು ಬಂತು ಅಂದರೆ ನೀಲಿ ಎದ್ದಳು ಅಂತಲೇ ಲೆಕ್ಕ. ಒಂದು ನಿಮಿಷ ಮೊದಲಿಲ್ಲ, ಒಂದು ನಿಮಿಷ ತಡವಿಲ್ಲ. ನಮ್ಮ ಹುಡುಗಿ ಭಾಳ ಶಿಸ್ತಿನಾಕಿ ಎಂದು ನಾನು ಹೇಳಿಕೊಂಡು ತಿರುಗಿದೆ. ದಡ್ಡಿ ನಾನು.

ಮೂರು ತಿಂಗಳ ಹಿಂದೆ ಗದಿಗೆಪ್ಪ ಹೋದರು. ಮಧ್ಯಾಹ್ನ ಉಂಡು ಗೋಡೆಗೆ ಒರಗಿದವರು ಹಾಗೇ ಹೋದರು, ಮಾತಿಲ್ಲ ಕತೆಯಿಲ್ಲ. ಅವರ ಹಿಂದೆಯೇ ಹಲಗೆಮನೆಗೆ ಹೊಸ ಸಾಹೇಬರು ಬಂದರು. ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ, ಮಾತಿನಲ್ಲಿ ಮರ್ಯಾದೆ. "ಕಾಶವ್ವನವರೇ, ಹಲಗೆ ಜೇಡರಬಲೆ ಆಗಿಬಿಟ್ಟಿದೆ. ಯಾವುದು ಬೇಕು, ಯಾವುದು ಬೇಡ ಅಂತ ನನಗೆ ತಿಳಿಯುತ್ತಿಲ್ಲ. ಚೀಟಿ ಇಲ್ಲದ ಪೆಟ್ಟಿಗೆ ಮುನ್ನೂರು ಇವೆ. ಒಂದು ತಿಂಗಳಲ್ಲಿ ಎಲ್ಲಕ್ಕೂ ಚೀಟಿ ಆಗಬೇಕು. ಬೇಡದ್ದನ್ನು ತೆಗೆದುಬಿಡೋಣ" ಅಂದರು. ಆ ಮುನ್ನೂರು, ನನ್ನ ಗಂಡ ಇಷ್ಟು ವರ್ಷ ನನ್ನ ಕೈಗೆ ಸಿಗದಂತೆ ತಪ್ಪಿಸಿಕೊಂಡು ಏರಿಸಿದವು. ಕೇಳಲಿಕ್ಕೆ ಈಗ ಅವರಿಲ್ಲ. ನಾನೊಬ್ಬಳೇ ಏಣಿ ಹತ್ತಿದೆ, ದಾರ ಹಿಡಿದು ಹೋದೆ, ಹಳೆಯ ಜನರನ್ನು ಕೇಳಿದೆ, ಎಂಬತ್ತೇಳಕ್ಕೆ ಕಾರಣ ಸಿಕ್ಕಿತು. ಇನ್ನೂರ ಹದಿಮೂರು ಉಳಿದವು. ದಾರ ಒಳಗೆ ಹೋಗುತ್ತದೆ, ಹೊರಗೆ ಬಂದ ದಾರ ಒಂದು ಬರಿ ಮೊಳೆಗೆ ಸುತ್ತಿಕೊಂಡು ಮುಗಿಯುತ್ತದೆ. ಯಾವುದಕ್ಕೂ ಮುಟ್ಟುವುದಿಲ್ಲ. ತಿಂಗಳು ಮುಗಿಯಲು ಎರಡು ದಿನವಿತ್ತು. ನಾನು ಕೂತು ಇನ್ನೂರ ಹದಿಮೂರು ಚೀಟಿ ಬರೆದೆ, ಎಲ್ಲದರಲ್ಲೂ ಒಂದೇ ಮಾತು: ಏನೂ ಮಾಡುವುದಿಲ್ಲ.

ಗೊತ್ತಿಲ್ಲ ಎಂದು ಬರೆಯಬೇಕಿತ್ತು. ಬರೆದಿದ್ದರೆ ಸಾಹೇಬರು ಒಂದನ್ನೂ ಮುಟ್ಟುತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಕೀಳಬಾರದು ಎಂಬುದು ಅವರದೇ ಆಜ್ಞೆ. ಆದರೆ ಆ ಮಾತು ಬರೆಯಲು ನನ್ನ ಕೈ ಏಳಲಿಲ್ಲ. ನನ್ನ ಸಹಿಯ ಮೇಲೆ ಅವರು ಪೆಟ್ಟಿಗೆಗಳನ್ನು ಇಳಿಸಿದರು. ನಿಯಮದ ಪ್ರಕಾರ ಚೀಟಿಗಳನ್ನು ಸುಟ್ಟರು, ಪೆಟ್ಟಿಗೆಗಳನ್ನು ಗೋಣಿಚೀಲಕ್ಕೆ ತುಂಬಿ ಹಿತ್ತಲ ಕೋಣೆಗೆ ಹಾಕಿದರು. ನಾನೇ ಚೀಲದ ಬಾಯಿ ಹಿಡಿದೆ. ಅವತ್ತು ಸಂಜೆ ಬರಿದಾದ ಗೋಡೆ ನೋಡಿ ನನಗೂ ಹಗುರವೆನಿಸಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಮರುದಿನ ಮುಂಜಾನೆ ನಳಕ್ಕೆ ನೀರು ಬಂತು, ನೀಲಿ ಏಳಲಿಲ್ಲ. ಮೈ ಹುಷಾರಿಲ್ಲ, ಮಲಗಲಿ ಅಂದುಕೊಂಡೆ. ಮಧ್ಯಾಹ್ನಕ್ಕೆ ಕೂಗಿದೆ, ಚಿವುಟಿದೆ, ಏಳಲಿಲ್ಲ. ಸಂಜೆಗೆ ಡಾಕ್ಟರು ಬಂದು ರೆಪ್ಪೆ ಎತ್ತಿ ನೋಡಿ, "ನಿದ್ದೆ ಐತಿ, ಬ್ಯಾರೆ ಏನೂ ಇಲ್ಲ" ಅಂದರು. ಮೂರನೆಯ ದಿನ, ನೀರು ಬಿಡುವ ಫಕೀರಪ್ಪ ಮನೆಗೆ ಬಂದ. ನನ್ನ ಗಂಡನಿಗೆ ಒಬ್ಬನೇ ಗೆಳೆಯ ಅವನು, ಅವರ ಏಣಿ ಹಿಡಿಯುತ್ತಿದ್ದವನೂ ಅವನೇ. ಹೊಸ್ತಿಲ ಮೇಲೆ ಕೂತು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಅಕ್ಕಾರ, ಕೆಳಗಿನ ಸಾಲಿನ್ಯಾಗ, ನೀರಿನ ಪೆಟಗಿ ಬಾಜೂಕ ಒಂದಿತ್ತಲ್ರಿ, ಕೆಂಪ ದಾರದ್ದು. ಅದನ್ನೂ ತಗದ್ರೇನ್ರಿ?" ಎಂದು ಕೇಳಿದ. ತೆಗೆದೆವು ಅಂದೆ. ಅವನು ತಲೆ ತಗ್ಗಿಸಿದ. "ಅದು ನೀಲವ್ವಂದರೀ. ಜ್ವರ ಬಂದಾಗ ಗದಿಗೆಪ್ಪಣ್ಣ ಹತ್ತು ದಿನ ಕುಂತು ಪೆಟಗಿ ಹಿಂದಿನ ಮುಳ್ಳ ತಿರುವಿ ತಿರುವಿ ಹೊಂದಿಸಿದ್ದ. ನೀರು ಬಂದ ಕೂಡ್ಲೆ ಆಕಿ ಏಳೂಹಂಗ. ಎದ್ದ ಮ್ಯಾಲ ದಿನಾ ಎಲ್ಲಾ ಚಲೋ ಇರತಾಳ, ಮಲಗಿದ್ರ ಮಾತ್ರ ಅದಿಲ್ಲದ ಏಳೂದಿಲ್ಲ."

"ನನಗ ಯಾಕ ಹೇಳಲಿಲ್ಲ?" ಎಂದು ನಾನು ಕಿರುಚಿದೆ. ಫಕೀರಪ್ಪ, "ಹೇಳಿದ್ರ ಆಕಿ ಚೀಟಿ ಬರೀತಾಳೋ ಅಂದಿದ್ದರೀ ಗದಿಗೆಪ್ಪಣ್ಣ" ಅಂದ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ನಾನು ಬರೆಯುತ್ತಿದ್ದೆ. ಖಂಡಿತ ಬರೆಯುತ್ತಿದ್ದೆ. ಇದು ನನ್ನ ಮಗಳನ್ನು ಎಬ್ಬಿಸುತ್ತದೆ ಎಂದು ದುಂಡಗೆ ಬರೆದು ಅಂಟಿಸುತ್ತಿದ್ದೆ, ಮನೆಯ ಪೆಟ್ಟಿಗೆ ಎಂದು ಅದನ್ನು ಕೀಳುತ್ತಿದ್ದರು, ನನ್ನ ಗಂಡ ಕೆಲಸ ಕಳೆದುಕೊಳ್ಳುತ್ತಿದ್ದರು. ಇಪ್ಪತ್ತಾರು ವರ್ಷ ಪಕ್ಕದಲ್ಲಿ ಕೂತು ಉಂಡ ಮನುಷ್ಯ ನನ್ನನ್ನು ಇಷ್ಟು ಸರಿಯಾಗಿ ಅರಿತಿದ್ದರು.

ಸಾಹೇಬರ ಬಳಿ ಓಡಿದೆ. ಕಾಲು ಹಿಡಿಯುವುದೊಂದು ಬಾಕಿ. ಅವರ ಮುಖ ಬಿಳಿಚಿತು. "ನೀವೇ ಬರೆದಿದ್ದಿರಲ್ಲ" ಅಂದರು, ಬೈಯುವಂತೆ ಅಲ್ಲ, ಅಳುವಂತೆ. ಕಾನೂನು ಬದಿಗಿಟ್ಟು, ಮುಂಜಾನೆ ನೀರು ಇರುವ ಅರ್ಧ ತಾಸು ಆ ಮೊಳೆಗೆ ಯಾವ ಪೆಟ್ಟಿಗೆಯನ್ನಾದರೂ ಹಾಕಿ ನೋಡಿ ಎಂದು ಬಿಟ್ಟರು. ಅವರಿಂದ ಆಗುವುದು ಅಷ್ಟೆ. ಮೊಳೆ ಯಾವುದೆಂದು ಗೊತ್ತಿದೆ, ಪೆಟ್ಟಿಗೆ ಯಾವುದೆಂದು ಗೊತ್ತಿಲ್ಲ. ಇನ್ನೂರ ಹದಿಮೂರೂ ಒಂದೇ ಮರ, ಒಂದೇ ಅಳತೆ, ಗುರುತಿಗೆ ಇದ್ದದ್ದು ಚೀಟಿಯ ಮೂಲೆಯ ಮೊಳೆ ನಂಬರು, ಅದು ಬೂದಿಯಾಗಿದೆ. ಪ್ರತಿ ಪೆಟ್ಟಿಗೆಯ ಬೆನ್ನಿಗೆ ಗಡಿಯಾರದಂಥ ಎರಡು ಮುಳ್ಳು, ಒಂದೊಂದು ಮುಳ್ಳಿಗೆ ಅರವತ್ತು ಗೆರೆ, ಮುಳ್ಳು ನಿಂತ ಗೆರೆಯ ಮೇಲೆ ಪೆಟ್ಟಿಗೆಯ ಕೆಲಸ. ಇಳಿಸುವ ಅವಸರದಲ್ಲಿ ಅವನ್ನು ಯಾರೂ ಮುಟ್ಟಿರಲಿಲ್ಲ. "ಮುಳ್ಳ ಬಿಗಿ ಅದಾವರೀ, ಚೀಲದಾಗ ಹೊಳ್ಳಿರಂಗಿಲ್ಲ. ಇದ್ದಂಗ ತಗದು ಹಾಕ್ರಿ" ಎಂದು ಫಕೀರಪ್ಪ ಧೈರ್ಯ ಹೇಳಿದ.

ಹಾಗೆ ಶುರುವಾಯಿತು. ಒಂದು ಪೆಟ್ಟಿಗೆಗೆ ಹತ್ತು ನಿಮಿಷ, ದಿನಕ್ಕೆ ಮೂರು. ನಾನು ಹಲಗೆಮನೆಯಲ್ಲಿ, ನೀಲಿಯ ಪಕ್ಕದಲ್ಲಿ ನೆರೆಮನೆಯ ರಾಚವ್ವ. ನಡುವೆ ಎರಡು ಓಣಿ. "ಆಕಿ ಎದ್ಲಂದ್ರ ಒಂದೇ ಉಸುರಿಗೆ ಓಡಿ ಬಂದು ನನಗ ಹೇಳು" ಎಂದು ರಾಚವ್ವನಿಗೆ ಹೇಳಿದ್ದೆ. ಹತ್ತು ನಿಮಿಷದಲ್ಲಿ ರಾಚವ್ವ ಬರಲಿಲ್ಲ ಎಂದರೆ ಈ ಪೆಟ್ಟಿಗೆ ಅಲ್ಲ. ಇಳಿಸಿ, ಎರಡೂ ಮುಳ್ಳನ್ನು ಸೊನ್ನೆಗೆ ತಿರುಗಿಸಿ, ಬೇರೆ ಚೀಲಕ್ಕೆ ಹಾಕುವುದು. ಇಳಿಸಿದ ಪೆಟ್ಟಿಗೆಯ ಮುಳ್ಳು ಸೊನ್ನೆಯಲ್ಲಿ ಇರಬೇಕು, ಅದು ಈ ಕೆಲಸದವರ ಪದ್ಧತಿ. ಹಳೆಯ ಅಂಕಿ ಉಳಿದರೆ ಮುಂದೆ ಏರಿಸುವವನಿಗೆ ಮೋಸವಾಗುತ್ತದೆ ಎಂದು ನನ್ನ ಗಂಡನಿಗೂ ನಾನೇ ಹಿಂದೆ ಬಿದ್ದು ಮಾಡಿಸುತ್ತಿದ್ದೆ. ಆಗದ ಪೆಟ್ಟಿಗೆಯ ಅಂಕಿಯನ್ನು ಬರೆದಿಟ್ಟುಕೊಳ್ಳುವ ಯೋಚನೆ ನನಗೆ ಬರಲಿಲ್ಲ. ಊರಿನ ಒಂದೊಂದು ಮೊಳೆಗೂ ಚೀಟಿ ಬರೆದವಳು ನಾನು.

ಈ ನಡುವೆ ಊರಲ್ಲಿ ಸಣ್ಣಪುಟ್ಟದ್ದೆಲ್ಲ ಕೆಟ್ಟಿತು. ಬಳೆಗಾರ ಮೌನೇಶನಿಗೆ ಸೀಟಿ ಹೊಡೆಯಲು ಬಾರದಾಯಿತು. ನಿವೃತ್ತ ಮಾಸ್ತರರ ಮಂಡಿನೋವು ತಿರುಗಿ ಬಂತು. ಮಗ್ಗದ ಓಣಿಯ ಮುದುಕಿಯೊಬ್ಬಳಿಗೆ ದಿನವೂ ಸಂಜೆ ಕೇಳುತ್ತಿದ್ದ ತೀರಿಹೋದ ತಂಗಿಯ ಹಾಡು ನಿಂತುಹೋಯಿತು. ಯಾರಿಗೂ ಕಾರಣ ಗೊತ್ತಿಲ್ಲ, ವಯಸ್ಸಾಯಿತು ಅಂದುಕೊಂಡು ಸುಮ್ಮನಾದರು. ನನ್ನ ಗಂಡ ಎಷ್ಟು ಜನರಿಗೆ ಎಷ್ಟನ್ನು ಕದ್ದು ಕಟ್ಟಿಕೊಟ್ಟಿದ್ದರೋ! ಒಂದು ಮಾತು ನನಗೆ ಹೇಳಲಿಲ್ಲ, ಆ ಜನರ ಮನೆಯಲ್ಲಿ ಒಂದು ಚಹಾ ಸಹ ಕುಡಿದು ಬರಲಿಲ್ಲ. ಅಂಥವರ ಜೊತೆ ಇಷ್ಟು ವರ್ಷ ಬದುಕಿ, ಅವರದು ಬರಿ ಮೊಂಡತನ ಎಂದು ನಾನು ತಿಳಿದಿದ್ದೆ.

ನಲವತ್ತು ದಿನ ನೀಲಿಗೆ ಚಮಚದಲ್ಲಿ ಗಂಜಿ ಕುಡಿಸಿದೆ, ಮೈ ಒರೆಸಿದೆ, ಜಡೆ ಬಿಚ್ಚಿ ಜಡೆ ಹಾಕಿದೆ. ಕೆನ್ನೆಯ ಎಲುಬು ಎದ್ದಿದೆ. ಹತ್ತೊಂಬತ್ತು ವರ್ಷದ ಹುಡುಗಿ, ಹೊಲಿಗೆಯ ಕ್ಲಾಸಿಗೆ ಹೋಗುತ್ತಿದ್ದಳು, ಅವಳು ಕತ್ತರಿಸಿಟ್ಟ ನೀಲಿ ಕುಪ್ಪಸ ಹಾಗೇ ಮಷಿನ್ನಿನ ಕೆಳಗೆ ಬಿದ್ದಿದೆ.

ಇವತ್ತು ಮುಂಜಾನೆ ಎಂದಿನಂತೆ ಹೋದೆ. ಮೊದಲನೆಯ ಪೆಟ್ಟಿಗೆ ಹಾಕಿದೆ, ಹತ್ತು ನಿಮಿಷ, ರಾಚವ್ವ ಬರಲಿಲ್ಲ. ಇಳಿಸಿ ಮುಳ್ಳು ತಿರುಗಿಸಿದೆ. ಎರಡನೆಯದು, ಬರಲಿಲ್ಲ. ಮೂರನೆಯದು, ಬರಲಿಲ್ಲ. ನೀರು ನಿಂತಿತು. ಮೂರನೆಯದರ ಮುಳ್ಳನ್ನೂ ಸೊನ್ನೆಗೆ ತಂದು ಚೀಲಕ್ಕೆ ಹಾಕಿ ಮನೆಯ ಕಡೆ ಹೊರಟೆ. ಓಣಿಯ ತಿರುವಿನಲ್ಲಿ ರಾಚವ್ವ ಎದುರಾದಳು. ಸೀರೆ ಒದ್ದೆ, ಕಾಲಲ್ಲಿ ಚಪ್ಪಲಿ ಇಲ್ಲ, ಮುಖವೆಲ್ಲ ನಗು. "ಎದ್ಲಬೇ! ನಿನ್ನ ಮಗಳು ಎದ್ಲು!" ಎಂದು ನನ್ನ ಎರಡೂ ಭುಜ ಹಿಡಿದು ಅಲುಗಿಸಿದಳು. ಇಬ್ಬರೂ ಓಡಿದೆವು. ನಾನು ಓಡುತ್ತಲೇ ಗಟ್ಟಿಯಾಗಿ ಅತ್ತೆ, ಓಣಿಯ ಜನ ಬಾಗಿಲಿಗೆ ಬಂದು ನಿಂತರು.

ನೀಲಿ ಮಲಗಿದ್ದಳು. ಈ ಬಾರಿ ಬಲಮಗ್ಗುಲಿಗೆ ಹೊರಳಿ, ಮೊಣಕಾಲು ಮಡಚಿ, ಹೊದಿಕೆಯನ್ನು ಕತ್ತಿನವರೆಗೆ ತಾನೇ ಎಳೆದುಕೊಂಡು. ಕರೆದೆ. ಅಲುಗಿಸಿದೆ. ತಣ್ಣೀರು ಎರಚಿದೆ. ಕೆನ್ನೆಗೆ ಹೊಡೆದೆ, ನನ್ನ ಮಗಳ ಕೆನ್ನೆಗೆ, ಐದು ಬೆರಳೂ ಮೂಡುವಂತೆ. ಅವಳು ಸುಖವಾಗಿ ಉಸಿರಾಡುತ್ತಿದ್ದಳು.

"ಯಾವಾಗ ಎದ್ದಿದ್ಲು? ನೀರು ಬಂದ ಕೂಡ್ಲೇನ, ನಡುವ, ಕಡೀಕ?" ಎಂದು ರಾಚವ್ವನನ್ನು ಹಿಡಿದು ಕೇಳಿದೆ. ಅವಳು ಕಂಗಾಲಾದಳು. ಇಷ್ಟು ದಿನ ನನ್ನ ಮನೆಯಲ್ಲಿ ಕೂತು ಅವಳು ತನ್ನ ನೀರು ಕಳೆದುಕೊಂಡಿದ್ದಳು, ಅವರಿವರು ಒಂದೊಂದು ಕೊಡ ಕೊಡುತ್ತಿದ್ದರು. ಇವತ್ತು ಯಾರೂ ಕೊಟ್ಟಿರಲಿಲ್ಲ. ಎರಡು ಕೊಡ ತುಂಬಿಕೊಂಡು ಬರೋಣವೆಂದು ನಳಕ್ಕೆ ಹೋಗಿದ್ದಳು, ಸಾಲು ಉದ್ದವಿತ್ತು. ತಿರುಗಿ ಬಂದಾಗ ನೀಲಿ ಎದ್ದು ಕೂತು ಕೂದಲು ಕಟ್ಟಿಕೊಳ್ಳುತ್ತಿದ್ದಳಂತೆ. ಎಷ್ಟು ಹೊತ್ತಿನಿಂದ ಕೂತಿದ್ದಳೋ ರಾಚವ್ವನಿಗೆ ಗೊತ್ತಿಲ್ಲ. ಅಂದರೆ ಮೂರರಲ್ಲಿ ಯಾವುದೂ ಇರಬಹುದು. ಮೂರರ ಮುಳ್ಳೂ ಸೊನ್ನೆಯಲ್ಲಿ ನಿಂತಿವೆ, ನನ್ನ ಈ ಕೈಯಿಂದಲೇ. ಒಂದು ಪೆಟ್ಟಿಗೆಗೆ ಅರವತ್ತರಷ್ಟು ಅರವತ್ತು, ಮೂರು ಸಾವಿರದ ಆರುನೂರು. ಮೂರು ಪೆಟ್ಟಿಗೆ, ದಿನಕ್ಕೆ ಮೂರು ಸಲ. ಹತ್ತು ವರ್ಷಕ್ಕೆ ಐವತ್ತು ದಿನ ಕಡಿಮೆ. ಗದಿಗೆಪ್ಪನಿಗೆ ಹತ್ತೇ ದಿನ ಹಿಡಿದಿತ್ತು. ಹೇಗೆ ಮಾಡಿದರು, ಯಾವ ಲೆಕ್ಕ ಹಿಡಿದರು, ಅದನ್ನು ಅವರು ಎಲ್ಲೂ ಬರೆದಿಲ್ಲ.

ರಾಚವ್ವ ಗೋಡೆಗೆ ಹಣೆ ಬಡಿದುಕೊಂಡು ಅಳುತ್ತಿದ್ದಳು. "ನೀನ ಹೇಳಿದ್ಯಲ್ಲ ಓಡಿ ಬಾ ಅಂತ! ಅದಕ್ಕ ಓಡಿ ಬಂದೆ. ಎದ್ದಳಲ್ಲ, ಇನ್ನ ಹುಷಾರಾದ್ಲು ಅಂತ ತಿಳದೆ. ಮತ್ತ ಮಲಗಬಾರದು ಅಂತ ನನಗೇನ ಗೊತ್ತಬೇ?" ಅವಳ ತಪ್ಪೇನೂ ಇಲ್ಲ. ಏನು ಮಾಡಬೇಕು ಎಂದಷ್ಟೇ ಅವಳಿಗೆ ಹೇಳಿದ್ದೆ. ಯಾಕೆ ಎಂದು ಹೇಳಿರಲಿಲ್ಲ. ಅವಳನ್ನು ಎಬ್ಬಿಸಿ ಕೂರಿಸಿದೆ, ಸೆರಗಿನಿಂದ ಅವಳ ಮುಖ ಒರೆಸಿದೆ. ಕೇಳಬಾರದಿತ್ತು, ಆದರೂ ಕೇಳಿದೆ. "ಏನರ ಮಾತಾಡಿದಳೇನ?"

"'ನಮ್ಮವ್ವ ಎಲ್ಲಿ?' ಅಂದ್ಲು" ಎಂದಳು ರಾಚವ್ವ. "ಹಲಗಿಮನ್ಯಾಗ ಅದಾಳ, ಕರಕೊಂಡು ಬರ್ತೀನಿ ತಡಿ ಅಂದೆ. 'ಬ್ಯಾಡ ಅತ್ತಿ, ಕೆಲಸದಾಗ ಕರದ್ರ ಅವ್ವಗ ಸಿಟ್ಟು ಬರತೈತಿ. ಆಕಿ ಬರೂತನಕ ಇನ್ನೊಂದೀಟು ಮಲಗತೀನಿ' ಅಂದ್ಲು."